ಮೂಟೆಗಳ ಪಕ್ಕದಲ್ಲಿ ನಿಂತವರು

ವಿಮೆಯ ಹಣಕ್ಕಾಗಿ ಕಾಗದಪತ್ರ ಹಿಡಿದು ಕಚೇರಿ ಕಚೇರಿ ಅಲೆಯುವ ಕಾಲ ಮುಗಿದು ಒಂದು ತಲೆಮಾರೇ ಕಳೆದಿತ್ತು. ಈಗ ಯಾರಾದರೂ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡರೆ, ಅವರಿನ್ನೂ ಆಸ್ಪತ್ರೆಯ ಮಂಚದ ಮೇಲೆ ನರಳುತ್ತಿರುವಾಗಲೇ ಜೋಳಿಗೆ ಹೊರಟುಬಿಡುತ್ತಿತ್ತು. ಜೋಳಿಗೆ ಎನ್ನುವುದು ವಿಮಾ ಕಂಪನಿಯ ಯಂತ್ರದ ಹೆಸರು. ಬಾಗಿಲು ಬಾಗಿಲಿಗೆ ಹೋಗಿ ಭಿಕ್ಷೆ ಎತ್ತುವ ಜಂಗಮನ ಹಾಗೆ ಅದು ಬೀದಿ ಕಂಬದ ಕ್ಯಾಮೆರಾ, ಆಟೋದ ಮೀಟರು, ಎಕ್ಸರೇ ಯಂತ್ರ, ಔಷಧಿ ಅಂಗಡಿಯ ಬಿಲ್ಲಿನ ಪೆಟ್ಟಿಗೆ, ಎಲ್ಲವುಗಳ ಮುಂದೆಯೂ ಹೋಗಿ ನಿಂತು, ಅವುಗಳಿಗೆ ಗೊತ್ತಿದ್ದಷ್ಟನ್ನು ಹಾಕಿಸಿಕೊಂಡು ಬರುತ್ತಿತ್ತು. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಡತ ತುಂಬಿರುತ್ತಿತ್ತು.

ಯಂತ್ರಗಳ ಕಣ್ಣಿಗೆ ಬೀಳದ ಸಂಗತಿ ಇದ್ದರೆ ಮಾತ್ರ ಮನುಷ್ಯರನ್ನು ಕರೆಸುತ್ತಿದ್ದರು. ಕರೆಸಿ ಅವರ ಮಾತು ಕೇಳುತ್ತಿರಲಿಲ್ಲ, ನೆನಪನ್ನೇ ತೆಗೆದುಕೊಳ್ಳುತ್ತಿದ್ದರು. ಹಣೆಗೆ ಒಂದು ಪಟ್ಟಿ ಕಟ್ಟಿ, ಘಟನೆ ನಡೆದ ಜಾಗದ ವಾಸನೆಯನ್ನು ಮೂಗಿನ ಹತ್ತಿರ ಬಿಟ್ಟರೆ, ನೆನಪು ತಾನಾಗಿ ಎದ್ದು ಪರದೆಯ ಮೇಲೆ ಮಸುಕು ಚಿತ್ರವಾಗಿ ಮೂಡುತ್ತಿತ್ತು. ಅದು ಕಣ್ಣಾರೆ ಕಂಡದ್ದೋ ಕಿವಿಯಿಂದ ಕೇಳಿದ್ದೋ ಎನ್ನುವುದೂ ಪಟ್ಟಿಗೆ ತಿಳಿಯುತ್ತಿತ್ತು. ಕಂಡ ನೆನಪಿಗೆ ಮೈ ಇರುತ್ತದೆ. ಅದರಲ್ಲಿ ಸೆಕೆ ಇರುತ್ತದೆ, ಕಾಲುನೋವು ಇರುತ್ತದೆ, ಒಣಗಿದ ಗಂಟಲು ಇರುತ್ತದೆ. ಕೇಳಿದ ನೆನಪಿಗೆ ಅದೊಂದೂ ಇರುವುದಿಲ್ಲ. ಹಾಗಾಗಿ ಪಟ್ಟಿ ಪ್ರತಿ ಚಿತ್ರದ ಕೆಳಗೂ ‘ಕಂಡದ್ದು’ ಇಲ್ಲವೇ ‘ಕೇಳಿದ್ದು’ ಎಂದು ಬರೆಯುತ್ತಿತ್ತು. ಆ ಮಾತಿಗೆ ಎದುರು ಮಾತಿರಲಿಲ್ಲ.

ದಾವಣಗೆರೆಯ ಜೋಳಿಗೆ ಕೇಂದ್ರದಲ್ಲಿ ಬಂದವರ ಹಣೆಗೆ ಈ ಪಟ್ಟಿ ಕಟ್ಟುವ ಕೆಲಸ ದುಗ್ಗಮ್ಮನದು. ಕಾದ ಉಸುಕಿನಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಗಳ ಓಣಿಯ ಹುಡುಗಿ. ಮಾತು ಕಡಿಮೆ. ಬಂದವರು ಹೆದರಿಕೊಂಡಿದ್ದರೆ ಪಟ್ಟಿ ಬಿಗಿಯುವ ಮೊದಲು ಅವರ ಹಣೆಯ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸರಿಸುವಳು, ಅಷ್ಟೇ. ಅಂಥವಳು ಆ ದಿನ ಗಾಜಿನ ಕೋಣೆಯ ಮೂಲೆಯಲ್ಲಿ ನಿಂತು ಪರದೆಯನ್ನು ನೋಡುತ್ತಾ, ತನ್ನ ತಲೆಗೇ ಏನೋ ಆಗಿರಬೇಕು ಎಂದುಕೊಂಡಳು.

ಪರದೆಯ ಮೇಲೆ ಅವಳ ಓಣಿಯ ಹನ್ನೆರಡು ಮಂದಿಯ ನೆನಪುಗಳು ಸಾಲಾಗಿ ಹರಡಿದ್ದವು. ಎಲ್ಲವೂ ಅದೇ ಓಣಿಯ, ಭಟ್ಟಿ ಕೆಲಸದ ಹಾಲಮ್ಮನ ಕೈ ಸುಟ್ಟ ಗಳಿಗೆಯವು. ಎಲ್ಲದರಲ್ಲೂ ಭಟ್ಟಿಯ ಬಾಣಲೆ ಎಡಕ್ಕೆ ವಾಲುತ್ತಿತ್ತು, ಕೆಂಪಗೆ ಕಾದ ಉಸುಕು ಹಾಲಮ್ಮನ ಬಲಗೈ ಮೇಲೆ ಸುರಿಯುತ್ತಿತ್ತು, ಅವಳ ತಲೆಯ ಹಸಿರು ವಸ್ತ್ರ ಜಾರಿ ಬೀಳುತ್ತಿತ್ತು. ಎಲ್ಲದರ ಕೆಳಗೂ ‘ಕಂಡದ್ದು’ ಎಂದಿತ್ತು. ತೊಂದರೆ ಇದ್ದದ್ದು ಬೇರೆ ಕಡೆ.

“ಇಲ್ಲಿ ನೋಡು ದುಗ್ಗಮ್ಮ,” ಎಂದರು ಭಾರ್ಗವಿ ಮೇಡಂ. ಅವರು ಕೇಂದ್ರದ ಎಂಜಿನಿಯರು, ಮೈಸೂರಿನವರು. “ಹನ್ನೆರಡು ಜನವೂ ಹಿಂಬಾಗಿಲ ಹತ್ತಿರ, ಮಂಡಕ್ಕಿ ಮೂಟೆಗಳ ಪಕ್ಕದಲ್ಲಿ ನಿಂತು ನೋಡಿದ್ದಾರೆ. ಆ ಸಂದು ಎಷ್ಟು ಅಗಲ ಇದೆ?”

“ಒಬ್ರು ನಿಲ್ಲಬಹುದು ಮೇಡಂ. ಅದೂ ಒಂದ್ ಪಕ್ಕಕ್ಕೆ ತಿರುಗಿ.”

“ಒಬ್ಬರು ನಿಲ್ಲೋ ಜಾಗದಲ್ಲಿ ಹನ್ನೆರಡು ಜನ. ಒಬ್ಬರ ನೆನಪಿನಲ್ಲಾದರೂ ಪಕ್ಕದಲ್ಲಿ ಇನ್ನೊಬ್ಬರು ಕಾಣಬೇಕಲ್ಲ? ಕಾಣಲ್ಲ. ಎಲ್ಲರೂ ಒಂಟಿಯಾಗಿ ನಿಂತಿದ್ದಾರೆ.”

ದುಗ್ಗಮ್ಮ ಪರದೆಯ ತುದಿಯತ್ತ ನೋಡಿದಳು. ಸಾಲಿನ ಕೊನೆಯ ನೆನಪು ಅವಳದೇ. ಹಾಲಮ್ಮನಿಗೆ ಬುತ್ತಿ ಕೊಡಲು ಹೋದದ್ದು, ಮೂಟೆಗಳ ಪಕ್ಕ ನಿಂತದ್ದು, ಭಟ್ಟಿಯ ಝಳ ಕೆನ್ನೆಗೆ ರಪ್ಪೆಂದು ಬಡಿದದ್ದು, ಎಲ್ಲವೂ ಅವಳಿಗೆ ಸ್ಪಷ್ಟವಾಗಿ ನೆನಪಿತ್ತು. ಮಿಕ್ಕ ಹನ್ನೊಂದು ಮಂದಿ ಅಲ್ಲಿರಲಿಲ್ಲ ಎನ್ನುವುದೂ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು.

ನಡೆದದ್ದು ಇಷ್ಟು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಭಟ್ಟಿಗಳಿಗೆಲ್ಲ ರಜೆ. ಕರೆಂಟು ತೆಗೆದಿದ್ದರು, ಕ್ಯಾಮೆರಾ ಮಲಗಿತ್ತು. ಆದರೂ ಭಟ್ಟಿಯ ಸಾಹುಕಾರ ಯಾವುದೋ ಮದುವೆ ಮನೆಯ ಮಾಲು ಮುಗಿಸಲೆಂದು ಹಾಲಮ್ಮನೊಬ್ಬಳನ್ನು ಗುಟ್ಟಾಗಿ ಕರೆಸಿದ್ದ. ಕೈ ಸುಟ್ಟುಕೊಂಡ ಅವಳು ಗೇಟಿನ ತನಕ ಬಂದು ಬಿದ್ದಳು, ಆಟೋದವನೊಬ್ಬ ಆಸ್ಪತ್ರೆಗೆ ಸಾಗಿಸಿದ. ಸಾಹುಕಾರ ಈಗ, ಭಟ್ಟಿಗೆ ಬೀಗ ಹಾಕಿತ್ತು, ಅವಳು ಮನೆಯಲ್ಲಿ ಹಬ್ಬದ ಅಡುಗೆ ಮಾಡುವಾಗ ಸುಟ್ಟುಕೊಂಡು ಸಹಾಯ ಕೇಳಲು ಗೇಟಿಗೆ ಬಂದಿದ್ದಳು, ಎನ್ನುತ್ತಿದ್ದ. ಗಾಯದಲ್ಲಿ ಉಸುಕು ಇತ್ತಲ್ಲ ಎಂದರೆ, ಉಸುಕು ಯಾರ ಮನೆ ಮುಂದೆ ಇಲ್ಲ ಎಂದ. ಹಾಲಮ್ಮನ ಮನೆಯದು ಸೌದೆ ಒಲೆ. ಜೋಳಿಗೆ ಅದರ ಮುಂದೆ ಎಷ್ಟು ಹೊತ್ತು ನಿಂತರೂ ಅದಕ್ಕೆ ಬಾಯಿಲ್ಲ.

ಭಟ್ಟಿಯ ಒಳಗೆ ನಡೆದ ಅಪಘಾತ ಎಂದು ಕಂಡವರೊಬ್ಬರ ನೆನಪು ಸಿಕ್ಕಿದರೆ ಕಂಪನಿ ಶಸ್ತ್ರಚಿಕಿತ್ಸೆ ಮಾಡಿಸುತ್ತಿತ್ತು. ಸುಟ್ಟ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದ್ದವು. ಚರ್ಮ ಗಟ್ಟಿಯಾಗುವ ಮೊದಲು ಬಿಡಿಸದಿದ್ದರೆ ಆ ಕೈ ಮುಷ್ಟಿಯಾಗಿಯೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಲಮ್ಮನ ನೆನಪನ್ನೇ ತೆಗೆದುಕೊಳ್ಳಬಹುದಿತ್ತು, ಆದರೆ ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವುದನ್ನು ಕಂಪನಿ ಒಪ್ಪುತ್ತಿರಲಿಲ್ಲ.

“ಒಂದು ನೆನಪು ಸಾಕಿತ್ತು. ಹನ್ನೆರಡು ಬಂದು ಯಂತ್ರ ಕಂಗಾಲಾಗಿದೆ,” ಎಂದರು ಭಾರ್ಗವಿ. “ಎಲ್ಲವೂ ನಿಜ ಅನ್ನುತ್ತೆ, ಎಲ್ಲವೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲ ಅಂತಲೂ ಅನ್ನುತ್ತೆ. ನಿಜವಾಗಿ ಅಲ್ಲಿದ್ದವರು ಯಾರು ಅಂತ ವಿಚಾರಿಸು. ಉಳಿದವರು ತಾವಾಗಿ ಹಿಂದೆ ಸರಿದರೆ ನಾಳೆಯೇ ಮಂಜೂರಾಗುತ್ತೆ.”

ಸಂಜೆ ಓಣಿಯ ನಲ್ಲಿಯ ಹತ್ತಿರ ದುಗ್ಗಮ್ಮ ಅಂಜುತ್ತಂಜುತ್ತಲೇ ವಿಷಯ ಎತ್ತಿದಳು. ಎತ್ತಿದ್ದೇ ತಡ, ಕೊಡಗಳೆಲ್ಲ ನೆಲಕ್ಕಿಳಿದವು.

“ಹಿಂದೆ ಸರೀಬೇಕಾ? ನಾನ್ಯಾಕೆ ಸರೀಲಿ?” ಎಂದಳು ಕೊಟ್ರಬಸಮ್ಮ. ಓಣಿಯಲ್ಲಿ ಯಾವ ಸುದ್ದಿಯೇ ಆಗಲಿ, ಅವಳ ಬಾಯಿಗೆ ಬಿದ್ದ ಮೇಲೆಯೇ ಅದಕ್ಕೆ ಜೀವ. “ಈ ಎರಡು ಕಣ್ಣಿಂದ ನೋಡೀನಿ. ಉಸುಕು ಸುರಿತಲ್ಲ, ಸೊರ್‍ರ್ ಅಂತ, ಮಳಿ ಹನಿ ಕಾದ ಹಂಚಿನ ಮೇಲೆ ಬಿದ್ದಂಗೆ. ಆ ಸದ್ದು ಇವತ್ತಿಗೂ ಕಿವ್ಯಾಗೈತೆ.”

“ಅಯ್ಯೋ, ನಿಮಗೆ ಸದ್ದು ಒಂದೇ ಐತೆ ಅಕ್ಕಾ,” ಎಂದಳು ಜರೀನಾಬಿ. “ನಂಗೆ ವಾಸ್ನೆನೂ ಐತೆ. ಎರಡು ದಿನ ರೊಟ್ಟಿ ತಿನ್ನಾಕೆ ಆಗಿಲ್ಲ ನಂಗೆ.”

“ಆ ಹೊತ್ತಿಗೆ ನೀನು ಹರಿಹರದಾಗೆ ನಿನ್ನ ತಂಗಿ ಮನೇಲಿ ಇದ್ದೆಲ್ಲೇ!”

“ಹರಿಹರದಾಗೆ ಇದ್ದೆ, ಯಾರಿಲ್ಲ ಅಂದ್ರು? ಆದ್ರೆ ನೋಡೀನಿ.”

ಹೇಳಿದ ಮೇಲೆ ಜರೀನಾಬಿಗೇ ತನ್ನ ಮಾತು ವಿಚಿತ್ರವೆನ್ನಿಸಿ ಬಾಯಿಗೆ ಸೆರಗು ಒತ್ತಿಕೊಂಡಳು. ಉಳಿದವರು ನಗಲಿಲ್ಲ. ಒಬ್ಬೊಬ್ಬರೂ ಆ ದಿನ ತಾವೆಲ್ಲಿದ್ದೆವು ಎಂದು ಮನಸ್ಸಿನಲ್ಲೇ ಹುಡುಕತೊಡಗಿದ ಹಾಗೆ ಕಂಡಿತು. ಆಮೇಲೆ, ಹುಡುಕುವುದೇ ಬೇಡವೆಂಬಂತೆ, ಮೊದಲಿಗಿಂತ ಜೋರಾಗಿ ಜಗಳಕ್ಕೆ ನಿಂತರು. “ನೀನಲ್ಲ, ನಾನು,” “ನಿನ್ನ ಕೈಯಾಗೆ ಆವತ್ತು ಮಣ್ಣೆತ್ತು ಇತ್ತು, ನಾನ್ ಕಂಡಿಲ್ಲೇನು,” “ಹೋಗೇ, ದೊಡ್ಡ ಸಾಕ್ಷಿ ಬಂದ್ಲು.” ನಲ್ಲಿಯ ನೀರು ಯಾರ ಕೊಡಕ್ಕೂ ಬೀಳದೆ ಚರಂಡಿಗೆ ಹರಿಯಿತು.

ದುಗ್ಗಮ್ಮ ಮನೆಗೆ ಬಂದು ತಾಯಿಯನ್ನು ಕೇಳಿದಳು. “ಅವ್ವಾ, ಹಾಲಮ್ಮತ್ತೆ ಕೈ ಸುಟ್ಟ ದಿನ ನಾನು ಎಲ್ಲಿದ್ದೆ?”

ಕೆಂಚವ್ವ ಅಕ್ಕಿ ಆರಿಸುತ್ತಿದ್ದಳು. “ಎಲ್ಲಿರ್ತೀಯ, ಮನೇಲೇ ಇದ್ದೆ. ಮಣ್ಣೆತ್ತಿಗೆ ಕೊಂಬು ಮಾಡ್ತಾ ಕುಂತಿದ್ದೆ. ಒಂದು ಕೊಂಬು ಮುರೀತು ಅಂತ ಬೈಸ್ಕೊಂಡೆ ನನ್ನ ಹತ್ರ.”

“ನೀನೆಲ್ಲಿದ್ದೆ?”

“ನಾನಾ? ನಾನು ಭಟ್ಟೀಲಿ. ಮೂಟೆ ಪಕ್ಕ ನಿಂತಿರಲಿಲ್ಲೇನು?”

“ನಾನು ಮನೇಲಿದ್ದಾಗ ಬೈದೋಳು ಯಾರು ಹಂಗಾದ್ರೆ?”

ಕೆಂಚವ್ವನ ಬೆರಳು ಮೊರದ ಮೇಲೆ ನಿಂತಿತು. ಮಗಳನ್ನು ನೋಡಿದಳು, ಮೊರವನ್ನು ನೋಡಿದಳು. “ಸುಮ್ನೆ ತಲೆ ತಿನ್ನಬ್ಯಾಡ,” ಎಂದು ಮತ್ತೆ ಅಕ್ಕಿಯತ್ತ ಬಗ್ಗಿದಳು. ಆದರೆ ಕೈಗೆ ಸಿಕ್ಕ ಕಲ್ಲನ್ನು ಎಸೆಯದೆ ಮತ್ತೆ ಅಕ್ಕಿಯೊಳಕ್ಕೇ ಹಾಕಿದಳು.

ಮುರಿದ ಕೊಂಬು ದುಗ್ಗಮ್ಮನಿಗೂ ಈಗ ನೆನಪಾಯಿತು. ಉಗುರಿನಲ್ಲಿ ಸಿಕ್ಕಿಕೊಂಡ ಹಸಿ ಮಣ್ಣು ಕೂಡ. ಕೆನ್ನೆಗೆ ಬಡಿದ ಭಟ್ಟಿಯ ಝಳವೂ ಹೋಗಲಿಲ್ಲ. ಎರಡೂ ಪಕ್ಕಪಕ್ಕದಲ್ಲಿ ನಿಂತವು, ಒಂದು ಇನ್ನೊಂದನ್ನು ತಳ್ಳಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಪ್ರಮಾಣಿಸುವವಳೂ ತಾನೇ, ಕಂಡವಳೂ ತಾನೇ ಆದರೆ ಏನು ಮಾಡುವುದು ಎಂದು ಅವರು ಹೇಳಿಲ್ಲ. ಇನ್ನು ಕೇಳಲು ಉಳಿದವಳು ಹಾಲಮ್ಮ ಒಬ್ಬಳೇ.

ಹಾಲಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬಲಗೈಯ ಬಟ್ಟೆ ಸಡಿಲಿಸಿ ಗಾಳಿಗೆ ಒಡ್ಡಿದ್ದಳು. ಬೆರಳುಗಳು ಒಂದರ ಮೇಲೊಂದು ಮಗುಚಿಕೊಂಡು, ಬಿರಿಯದ ಮೊಗ್ಗಿನ ಹಾಗಿದ್ದವು.

“ಬಾ ದುಗ್ಗಿ. ಓಣಿಯೋರೆಲ್ಲ ನಂಗೋಸ್ಕರ ತಲೆ ಕೊಟ್ಟು ಬಂದ್ರಂತೆ. ಏನಂತು ನಿಮ್ ಯಂತ್ರ?”

“ಅತ್ತೆ, ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಾಬ್ಯಾಡ. ಆವತ್ತು ಮೂಟೆ ಪಕ್ಕ ಯಾರು ನಿಂತಿದ್ರು?”

ಹಾಲಮ್ಮ ತಡವರಿಸದೆ ಹೇಳಿದಳು. “ನಾನು.”

“ನೀನು ಬಾಣಲಿ ಹತ್ರ ಇದ್ದೆಲ್ಲ?”

“ಅಲ್ಲೂ ನಾನೇ ಇದ್ದೆ, ಮಗಾ.” ಅವಳು ಸುಟ್ಟ ಕೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. “ಉಸುಕು ಬಿದ್ದಿದ್ದೇ ಬಿದ್ದಿದ್ದು, ನಾನು ನನ್ನಿಂದ ಈಚೆಗೆ ಬಂದ್ಬಿಟ್ಟೆ ನೋಡು. ಮೂಟೆ ಪಕ್ಕ ಹೋಗಿ ನಿಂತೆ. ಅಲ್ಲಿಂದ ನೋಡಿದ್ರೆ ಒಬ್ಬಾಕಿ ಹೆಂಗಸು ಸುಡಾಕೆ ಹತ್ಯಾಳೆ. ಪಾಪ, ಯಾರವ್ವ ಇಕಿ ಅಂದ್ಕಂಡೆ. ಆಸ್ಪತ್ರೇಲಿ ಕೊಟ್ರಬಸಕ್ಕ ಬಂದು ಹೆಂಗಾತು ಅಂದಾಗ ಹಂಗೇ ಹೇಳಿದೆ. ನಾನೇ ನೋಡಿದೆ ಅಂದ್ರೆ ಹುಚ್ಚು ಹಿಡಿದೈತೆ ಅಂತಾರೆ ಅಂತ, ಮೂಟೆ ಪಕ್ಕದಿಂದ ನೋಡಿದೋರು ಹಿಂಗಂದ್ರು ಅಂದೆ. ಆಕಿ ಬಾಯಿಗೆ ಬಿದ್ದ ಮ್ಯಾಲೆ ಇನ್ನೇನೈತೆ.”

“ಮತ್ಯಾರೂ ಇರಲಿಲ್ವಾ?”

“ಹಬ್ಬದ ದಿನ ಯಾರು ಬರ್ತಾರವ್ವ? ಒಂದು ನಾಯಿನೂ ಇರಲಿಲ್ಲ.”

ದುಗ್ಗಮ್ಮ ಅವಳ ಪಕ್ಕದಲ್ಲಿ ಜಗಲಿಯ ಮೇಲೆ ಕೂತಳು. ತಾನು ಬುತ್ತಿ ತೆಗೆದುಕೊಂಡು ಹೋದ ದಾರಿ, ತಳ್ಳಿದ ಹಿಂಬಾಗಿಲು, ಕಿವಿಯ ಮೇಲೆ ಇಳಿದ ಬೆವರು, ಇವನ್ನೆಲ್ಲ ಯಾರು ತಂದು ತನ್ನೊಳಗೆ ಇಟ್ಟರು? ಎದುರಿಗೆ ಕೂತವಳ ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. ಹಾಗಾದರೆ ಕಂಡವರು ಒಬ್ಬರೂ ಇಲ್ಲ. ಇಲ್ಲವೆಂದು ಹೇಳಿದರೆ ಈ ಬೆರಳುಗಳು ಬಿಡಿಸಿಕೊಳ್ಳುವುದಿಲ್ಲ.

“ಅತ್ತೆ, ಈಚೆಗೆ ಬರೋಕೆ ಮುಂಚೆ? ಇನ್ನೂ ಒಳಗೇ ಇದ್ದಾಗ ಹೆಂಗಿತ್ತು?”

ಹಾಲಮ್ಮ ಸುಟ್ಟ ಕೈಯತ್ತ ನೋಡಿದಳು. “ಅದನ್ನ ಯಾರೂ ಕೇಳಿಲ್ಲ ನೋಡು,” ಎಂದಳು. ಆಮೇಲೆ ಹೇಳಿದಳು. ಕೊಟ್ರಬಸಮ್ಮನ ಹಾಗೆ ಸದ್ದು ಬಣ್ಣ ಸೇರಿಸಿ ಹೇಳಲಿಲ್ಲ. ಮೊದಲು ಬಿಸಿ ಅನ್ನಿಸಲೇ ಇಲ್ಲವಂತೆ, ಭಾರ ಅನ್ನಿಸಿತಂತೆ. ಯಾರೋ ಕೈ ಹಿಡಿದು ಕೆಳಕ್ಕೆ ಎಳೆದ ಹಾಗೆ. ಆಮೇಲೆ ತಣ್ಣಗಾಯಿತಂತೆ. ಆ ತಂಪು ಮೊಣಕೈಗೆ ಬರುವಷ್ಟರಲ್ಲಿ ಬೆಂಕಿಯಾಯಿತಂತೆ. ಹೇಳುತ್ತಾ ಹೇಳುತ್ತಾ ಸುಟ್ಟ ಕೈಯನ್ನು ದುಗ್ಗಮ್ಮನ ಅಂಗೈಯಲ್ಲಿ ಇಟ್ಟಿದ್ದಳು. ಇಟ್ಟದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.

ಮರುದಿನ ದುಗ್ಗಮ್ಮ ಭಾರ್ಗವಿ ಮೇಡಂ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದಳು. ಅಷ್ಟು ಉದ್ದ ಅವಳು ಯಾರ ಮುಂದೆಯೂ ಮಾತಾಡಿರಲಿಲ್ಲ.

“ಅಂದರೆ ನೀನೂ ಅಲ್ಲಿರಲಿಲ್ಲ.”

“ಇರಲಿಲ್ಲ ಮೇಡಂ.”

“ಖಚಿತವಾ?”

“ಇಲ್ಲ ಮೇಡಂ.”

ಭಾರ್ಗವಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಎಲ್ಲಿ ತಪ್ಪಾಯಿತು ಅಂತ ಈಗ ಸ್ವಲ್ಪ ಹೊಳೀತಿದೆ. ನಿಮ್ಮ ಓಣಿಯ ಹೆಂಗಸರೆಲ್ಲ ಒಂದಲ್ಲ ಒಂದು ದಿನ ಭಟ್ಟಿ ಮುಂದೆ ನಿಂತವರೇ. ನಾವು ಕಾದ ಉಸುಕಿನ ವಾಸನೆ ಬಿಟ್ಟಿದ್ದೇ ಅವರ ಮೈಯೆಲ್ಲ ಎಚ್ಚರಾಯಿತು. ಕಥೆ ಇನ್ನೊಬ್ಬರದು, ಝಳ ಅವರವರದೇ. ಪಟ್ಟಿ ಮೋಸ ಹೋಯಿತು.” ಸ್ವಲ್ಪ ಯೋಚಿಸಿ ಮುಂದುವರಿಸಿದರು. “ಅದಕ್ಕೂ ಒಂದು ಪರೀಕ್ಷೆ ಇದೆ. ಎಲ್ಲರಿಗೂ ಈ ವಿಷಯ ಹೇಳಿ ಇನ್ನೊಮ್ಮೆ ಪಟ್ಟಿ ಕಟ್ಟೋಣ. ಅನುಮಾನ ಹೊಕ್ಕ ಕೂಡಲೇ ಕೇಳಿದ ನೆನಪಿನ ಝಳ ಆರಿಹೋಗುತ್ತೆ. ಕಂಡದ್ದಾಗಿದ್ದರೆ ಏನು ಹೇಳಿದರೂ ಆರಲ್ಲ.”

“ಎಲ್ಲಾರದೂ ಆರಿಹೋದ್ರೆ?”

“ಕಡತ ಮುಚ್ಚಬೇಕಾಗುತ್ತೆ. ನನ್ನ ಕೈಲಿ ಇರೋದು ಇಷ್ಟೇ, ದುಗ್ಗಮ್ಮ.”

ಓಣಿಯವರು ಬಂದರು. ಮೂಟೆಗಳ ಪಕ್ಕ ಯಾರೂ ಇರಲಿಲ್ಲವೆಂದು ಹಾಲಮ್ಮ ಹೇಳಿದ್ದನ್ನು ದುಗ್ಗಮ್ಮ ಅವರ ಮುಂದೆ ಹೇಳಿದಾಗ ಯಾರೂ ಜಗಳಕ್ಕೆ ಬರಲಿಲ್ಲ. ಸಾವಿನ ಮನೆಗೆ ಬಂದವರಂತೆ ಬೆಂಚಿನ ಮೇಲೆ ಸಾಲಾಗಿ ಕೂತರು. ಜರೀನಾಬಿಯ ಹಣೆಗೆ ಪಟ್ಟಿ ಕಟ್ಟುವಾಗ ಅವಳು ದುಗ್ಗಮ್ಮನ ಮಣಿಕಟ್ಟು ಹಿಡಿದುಕೊಂಡು, “ನಂದು ಸುಳ್ಳಲ್ಲ ಬೇಟಾ, ಅಲ್ಲಾನ ಆಣೆ,” ಎಂದಳು. ಪಟ್ಟಿ ‘ಕೇಳಿದ್ದು’ ಎಂದಿತು. ಕೆಂಚವ್ವನದೂ ಕೇಳಿದ್ದು. ಒಬ್ಬೊಬ್ಬರ ಚಿತ್ರವೂ ತೊಳೆದ ಸ್ಲೇಟಿನ ಹಾಗೆ ಮಾಸಿತು. ಕೊಟ್ರಬಸಮ್ಮನ ಚಿತ್ರದಲ್ಲಿ ಸದ್ದು ಮಾತ್ರ ಸ್ವಲ್ಪ ಹೊತ್ತು ಉಳಿದು, ಅದೂ ಹೋಯಿತು. ಅವಳು ಪಟ್ಟಿ ಬಿಚ್ಚಿಸಿಕೊಂಡು ಎದ್ದು, “ಏನೋ ಕಳಕಂಡಂಗೆ ಆಗ್ತೈತಲ್ಲೇ,” ಎಂದಳು. ಏನೆಂದು ಅವಳಿಗೂ ಹೇಳಲು ಬರಲಿಲ್ಲ.

ಕೊನೆಗೆ ಉಳಿದವಳು ದುಗ್ಗಮ್ಮ. ಅವಳ ಹಣೆಗೆ ಪಟ್ಟಿ ಕಟ್ಟುವವರಿರಲಿಲ್ಲ, ಭಾರ್ಗವಿ ಮೇಡಂ ತಾವೇ ಕಟ್ಟಿದರು.

ಕುರ್ಚಿಯಲ್ಲಿ ಕೂತ ದುಗ್ಗಮ್ಮನಿಗೆ ತಾನು ಏನನ್ನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಝಳ ಆರದಿರಲಿ ಎಂದರೆ ಸುಳ್ಳು ಬೇಡಿಕೊಂಡ ಹಾಗೆ. ಆರಲಿ ಎಂದರೆ ಹಾಲಮ್ಮನ ಕೈ ಹೋಯಿತು. ಉಸುಕಿನ ವಾಸನೆ ಬಂತು. ಅವಳು ಕಣ್ಣು ಮುಚ್ಚಿ ಮೂಟೆಗಳ ಪಕ್ಕದ ಸಂದಿಗೆ ಹೋಗಿ ನಿಲ್ಲಲು ನೋಡಿದಳು. ಅಲ್ಲಿ ಜಾಗವೇ ಸಿಗಲಿಲ್ಲ. ಮೂಟೆ ಇತ್ತು, ಗೋಡೆ ಇತ್ತು, ನಡುವೆ ಖಾಲಿ ಇತ್ತು, ತಾನಿರಲಿಲ್ಲ. ಕೆನ್ನೆ ತಣ್ಣಗಿತ್ತು. ಮುಗಿಯಿತು ಎಂದುಕೊಂಡಳು.

ಅಷ್ಟರಲ್ಲಿ ಯಾರೋ ಅವಳ ಬಲಗೈ ಹಿಡಿದು ಕೆಳಕ್ಕೆ ಎಳೆದರು. ಭಾರ. ಆಮೇಲೆ ತಣ್ಣಗೆ. ಆ ತಂಪು ಮೊಣಕೈ ಮುಟ್ಟುವ ಹೊತ್ತಿಗೆ ಅವಳು ಕುರ್ಚಿಯಿಂದ ಎದ್ದು ಕೂಗಿದಳು.

ಪರದೆಯ ಮೇಲೆ ಮೂಡಿದ ಚಿತ್ರ ಹಿಂದಿನದಲ್ಲ. ಬಾಣಲೆಯ ಅಂಚು ತೀರ ಹತ್ತಿರದಲ್ಲಿತ್ತು. ವಾಲಿ ಬರುತ್ತಿದ್ದ ಕೆಂಪು ಉಸುಕು ನೋಡುವವರ ಕಡೆಗೇ ಬರುತ್ತಿತ್ತು. ಹಸಿರು ವಸ್ತ್ರ ನೋಡುವವರ ಕಣ್ಣಿನ ಮೇಲೇ ಜಾರಿತ್ತು. ಕೆಳಗೆ ‘ಕಂಡದ್ದು’ ಎಂದಿತ್ತು. ಒಂದೇ ಒಂದು ನೆನಪು, ತಕರಾರಿಲ್ಲ. ಯಂತ್ರ ಯಾರನ್ನೂ ಕೇಳದೆ ಕಡತವನ್ನು ಮಂಜೂರು ಮಾಡಿ ಮುಂದಕ್ಕೆ ಕಳಿಸಿಬಿಟ್ಟಿತು.

ಭಾರ್ಗವಿ ಮೇಡಂ ಪರದೆಯನ್ನೂ ದುಗ್ಗಮ್ಮನನ್ನೂ ನೋಡಿದರು. “ಇದು ಹೇಗೆ ನಿನ್ನೊಳಗೆ ಬಂತು?”

“ಗೊತ್ತಿಲ್ಲ ಮೇಡಂ. ನಾನು ಮಣ್ಣೆತ್ತು ಮಾಡ್ತಿದ್ದೆ ಅಂತಾಳೆ ನಮ್ಮವ್ವ.”

“ಇದನ್ನು ತಡೆಯಬೇಕೋ ಬೇಡವೋ ನನಗೂ ಗೊತ್ತಾಗ್ತಿಲ್ಲ,” ಎಂದರು ಅವರು. ಹೊರಟ ಕಡತವನ್ನು ತಡೆಯುವ ಗುಂಡಿಯ ಮೇಲೆ ಬೆರಳಿತ್ತು. ದುಗ್ಗಮ್ಮನ ಬಲಗೈ ಕಡೆ ನೋಡಿ ಬೆರಳು ತೆಗೆದರು. ಆ ಕೈಯ ಬೆರಳುಗಳು ಒಂದರ ಮೇಲೊಂದು ಮಗುಚಿಕೊಂಡಿದ್ದವು. ಮೇಡಂ ಬಿಡಿಸಲು ನೋಡಿದರು, ಬರಲಿಲ್ಲ. ಸಂಜೆ ಹೊತ್ತಿಗೆ ತಾವಾಗಿ ಬಿಟ್ಟುಕೊಂಡವು.

ಹಾಲಮ್ಮನ ಕೈಗೆ ಶಸ್ತ್ರಚಿಕಿತ್ಸೆಯಾಯಿತು. ಕೈಯ ಬಟ್ಟೆ ಬಿಚ್ಚಿಸಿಕೊಂಡು ಅವಳು ಮನೆಗೆ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಜಗಲಿಯಲ್ಲಿ ಸೇರಿದರು. ಶೇಂಗಾ ಮೊರ ನಡುವೆ ಇತ್ತು, ಮಾತಿಗೆ ಮಾತು ಸೇರುತ್ತಿತ್ತು. ಹೊಸದಾಗಿ ಓಣಿಗೆ ಬಂದ ಸೊಸೆಯೊಬ್ಬಳು, “ಹೆಂಗಾತು ಅಕ್ಕಾರೆ ಇದು?” ಎಂದು ಕೇಳಿದಳು.

ಎಲ್ಲರೂ ರೂಢಿಯಂತೆ ಕೊಟ್ರಬಸಮ್ಮನ ಕಡೆ ತಿರುಗಿದರು. ಅವಳು, “ನಂಗೇನು ಗೊತ್ತು, ನಾನೇನು ಅಲ್ಲಿದ್ನಾ?” ಎಂದು ಮೂತಿ ತಿರುವಿದಳು.

ಹಾಲಮ್ಮ ನಕ್ಕಳು. “ನನ್ನ ಕೇಳಬ್ಯಾಡ್ರವ್ವ. ದುಗ್ಗಿಗೆ ಹೇಳಿದ ದಿನದಿಂದ ನಂಗೆ ಅದು ನೆಟ್ಟಗೆ ನೆನಪಿಗೇ ಬರ್ತಿಲ್ಲ. ರಾತ್ರಿ ನಿದ್ದೆ ಹತ್ತೈತೆ, ಅಷ್ಟು ಸಾಕು. ದುಗ್ಗಿ ಹೇಳ್ತಾಳೆ, ಅವ್ಳು ಕಂಡಾಕಿ.”

“ನಾನು ಅಲ್ಲಿರಲಿಲ್ಲ,” ಎಂದಳು ದುಗ್ಗಮ್ಮ.

ಎಲ್ಲರೂ ಗೊಳ್ಳೆಂದು ನಕ್ಕರು. “ಯಂತ್ರನೇ ಹೇಳೈತೆ, ಇಕಿ ಇಲ್ಲ ಅಂತಾಳೆ!” ಎಂದಳು ಕೆಂಚವ್ವ ಹೆಮ್ಮೆಯಿಂದ. “ಹೇಳೇ, ನಾಚ್ಕಿ ಯಾಕೆ?”

ದುಗ್ಗಮ್ಮ ಇನ್ನೊಮ್ಮೆ ಇಲ್ಲವೆನ್ನಲು ಬಾಯಿ ತೆರೆದಳು. ಬಂದದ್ದು ಬೇರೆ ಮಾತು. “ಮೊದ್ಲು ಬಿಸಿ ಅನ್ಸಲ್ಲ,” ಎಂದಳು ಮೆಲ್ಲಗೆ. “ಭಾರ ಅನ್ಸುತ್ತೆ.”

ನಗು ನಿಂತಿತು. ಅವಳು ಹೇಳುತ್ತಾ ಹೋದಳು, ನೆಲ ನೋಡಿಕೊಂಡು, ತಗ್ಗಿದ ದನಿಯಲ್ಲಿ. ತಣ್ಣಗಾದ ಮಾತು ಬರುವ ಹೊತ್ತಿಗೆ ಜರೀನಾಬಿ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕೆಂಚವ್ವ ಎಳೆದುಕೊಂಡಳು. ಹೊಸ ಸೊಸೆ, ಭಟ್ಟಿಯನ್ನೇ ಕಾಣದವಳು, ಅವಳೂ ಎಳೆದುಕೊಂಡಳು. ಒಬ್ಬೊಬ್ಬರಾಗಿ ಎಲ್ಲರ ಬಲಗೈಯೂ ಸೆರಗಿನ ಕೆಳಗೆ ಸೇರಿ ಮುದುಡಿತು.

ಹಾಲಮ್ಮನ ಕೈ ಮಾತ್ರ ಮೊರದ ಮೇಲೆ ಬಿಚ್ಚಿಕೊಂಡಿತ್ತು. ಅವಳು ಯಾರದೋ ಕಥೆ ಕೇಳುವವಳಂತೆ ತಲೆದೂಗುತ್ತಾ, ಹೊಸ ಚರ್ಮದ ಬೆರಳುಗಳಿಂದ ಒಂದೊಂದೇ ಶೇಂಗಾ ಸುಲಿಯುತ್ತಿದ್ದಳು.